ಲೆಕ್ಕವನ್ನು ತೆರೆದಿಟ್ಟವರು

ಹಳೆಯ ಕಾವ್ಯವೊಂದನ್ನು ಅಚ್ಚಿಗೆ ಸಿದ್ಧಪಡಿಸುವ ಸಂಪಾದಕನ ಮುಂದೆ ಐದು ಓಲೆಯ ಪ್ರತಿಗಳಿದ್ದರೆ, ಒಂದೇ ಪದ್ಯಕ್ಕೆ ಐದು ಪಾಠಗಳು ದೊರೆಯುವುದುಂಟು. ಒಂದರಲ್ಲಿ ಲಿಪಿಕಾರನ ಕಣ್ಣು ತಪ್ಪಿದೆ; ಇನ್ನೊಂದರಲ್ಲಿ ಹುಳು ಓಲೆಯನ್ನು ತಿಂದಿದೆ; ಮತ್ತೊಂದರಲ್ಲಿ ಯಾರೋ ಪಂಡಿತನು ತನಗೆ ತೋರಿದಂತೆ ತಿದ್ದಿದ್ದಾನೆ. ಕವಿಯ ಕೈಬರಹವಂತೂ ಉಳಿದಿಲ್ಲ. ಈ ಐದರಿಂದಲೇ ಅದನ್ನು ಊಹಿಸಿ ನಿಲ್ಲಿಸಬೇಕು. ಒಳ್ಳೆಯ ಸಂಪಾದಕನು ತಾನು ಒಪ್ಪಿದ ಪಾಠವನ್ನು ಮೇಲೆ ಕೊಟ್ಟು, ಉಳಿದ ಪಾಠಗಳನ್ನು ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚುಮಾಡಿಸುತ್ತಾನೆ. ಓದುಗನು ಅವನ ಮಾತನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಬೇಕಾದರೆ ತಾನೇ ತೂಗಿ ನೋಡಬಹುದು.

ವಿಜ್ಞಾನಿಯ ಪಾಡೂ ಹೆಚ್ಚುಕಡಿಮೆ ಇದೇ. ಒಂದು ಗ್ರಹದ ಸ್ಥಾನವನ್ನು ಹತ್ತು ರಾತ್ರಿ ಅಳೆದರೆ ಹತ್ತು ಅಳತೆಗಳಲ್ಲಿಯೂ ಅಷ್ಟಿಷ್ಟು ದೋಷವಿರುತ್ತದೆ. ಗಾಳಿಯ ಅಲುಗಾಟ, ಯಂತ್ರದ ಲೋಹದ ಹಿಗ್ಗು ಕುಗ್ಗು, ನೋಡುವವನ ಕಣ್ಣಿನ ದಣಿವು, ಇವೆಲ್ಲ ಸೇರಿ ನಿಜವನ್ನು ಮಸುಕುಗೊಳಿಸುತ್ತವೆ. ಇಂತಹ ಅಳತೆಗಳಿಗೆಲ್ಲ ಹೆಚ್ಚು ಒಪ್ಪುವ ಮಾರ್ಗ ಯಾವುದೆಂದು ನಿಶ್ಚಯಿಸುವುದೇ ಮಾದರಿಯನ್ನು ಅಳತೆಗೆ ಹೊಂದಿಸುವ ಕೆಲಸ. ನಮ್ಮ ಜ್ಯೋತಿಷ್ಕರಿಗೂ ಇದರ ಅಗತ್ಯ ಗೊತ್ತಿದ್ದಿತು. ಗಣಿತದಿಂದ ಬಂದ ಗ್ರಹಸ್ಥಾನವೂ ಕಣ್ಣಿಗೆ ಕಂಡ ಸ್ಥಾನವೂ ಒಂದಕ್ಕೊಂದು ಹೊಂದದೆ ಹೋದಾಗ ಅವರು ಬೀಜಸಂಸ್ಕಾರವೆಂಬ ತಿದ್ದುಪಡಿಯನ್ನು ಕೊಡುತ್ತಿದ್ದರು. ಕೇರಳದ ಪರಮೇಶ್ವರನು ೧೪೩೧ರಲ್ಲಿ ರಚಿಸಿದ ಗ್ರಂಥದ ಹೆಸರೇ ‘ದೃಗ್ಗಣಿತ’, ಎಂದರೆ ಕಣ್ಣಿಗೆ ಒಪ್ಪುವ ಗಣಿತ.

ಇಂದು ಈ ಕೆಲಸವನ್ನು ಗಣಕಯಂತ್ರ ಮಾಡುತ್ತದೆ. ಯಂತ್ರಕ್ಕೆ ಆಜ್ಞೆಗಳ ಸರಣಿಯೊಂದನ್ನು ಬರೆದುಕೊಡಬೇಕು, ಅದೇ ತಂತ್ರಾಂಶ. ಆ ಆಜ್ಞೆಗಳ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು ಎಂದು ಕರ್ತೃವು ಒಪ್ಪಿಗೆಯಿತ್ತಿದ್ದರೆ ಅದು ಮುಕ್ತ ತಂತ್ರಾಂಶ. ಮೂಲಬರಹವನ್ನು ಮುಚ್ಚಿಟ್ಟು ಫಲವನ್ನು ಮಾತ್ರ ಮಾರುವವರೂ ಇದ್ದಾರೆ. ತೆರೆದಿಡುವುದು ಸರಿಯೋ ಮುಚ್ಚಿಡುವುದು ಸರಿಯೋ ಎಂಬ ಈ ವಿವಾದ ಗಣಕಯಂತ್ರದೊಡನೆ ಹುಟ್ಟಿದುದೆಂದು ಅನೇಕರು ಭಾವಿಸಿದ್ದಾರೆ. ಆದರೆ ಅದರ ಬೇರು ಇನ್ನೂರು ವರ್ಷಗಳಷ್ಟು ಹಿಂದಕ್ಕೆ, ಸಿಸಿಲಿ ದ್ವೀಪದ ಒಂದು ವೇಧಶಾಲೆಯವರೆಗೆ ಹೋಗುತ್ತದೆ.

೧೮೦೧ನೆಯ ಜನವರಿ ೧ರ ರಾತ್ರಿ ಪಲೆರ್ಮೊ ನಗರದಲ್ಲಿ ಜ್ಯುಸೆಪ್ಪೆ ಪಿಯಾಟ್ಸಿ ಎಂಬ ಕ್ರೈಸ್ತ ಸಂನ್ಯಾಸಿ ನಕ್ಷತ್ರಗಳ ಪಟ್ಟಿಯನ್ನು ತಯಾರಿಸುತ್ತಿದ್ದಾಗ, ಪಟ್ಟಿಯಲ್ಲಿಲ್ಲದ ಒಂದು ಮಸುಕು ಚುಕ್ಕೆ ಆತನ ಕಣ್ಣಿಗೆ ಬಿದ್ದಿತು. ಮರುರಾತ್ರಿ ಅದು ಸ್ವಲ್ಪ ಸರಿದಿದ್ದಿತು. ಮಂಗಳ ಗುರುಗಳ ನಡುವಣ ಬಯಲಿನಲ್ಲಿ ಒಂದು ಗ್ರಹವಿರಬೇಕೆಂದು ಯೂರೋಪಿನ ಖಗೋಳಜ್ಞರು ಹುಡುಕುತ್ತಿದ್ದ ಕಾಲವದು. ಪಿಯಾಟ್ಸಿ ಫೆಬ್ರವರಿ ೧೧ರವರೆಗೆ ಅದನ್ನು ಹಿಂಬಾಲಿಸಿದನು. ಅಷ್ಟರಲ್ಲಿ ಕಾಯಿಲೆ ಬಿದ್ದನು. ಚುಕ್ಕೆಯೂ ಸೂರ್ಯನ ಬೆಳಕಿನಲ್ಲಿ ಅಡಗಿಹೋಯಿತು. ಆತನು ಮಿಲಾನಿನ ಓರಿಯಾನಿಗೂ ಬರ್ಲಿನ್ನಿನ ಬೋಡೆಗೂ ಪತ್ರ ಬರೆದು ಸುದ್ದಿ ತಿಳಿಸಿದನು. ಆದರೆ ಅಳತೆಗಳನ್ನೆಲ್ಲ ಕೊಡಲಿಲ್ಲ. ಕಕ್ಷೆಯನ್ನು ತಾನೇ ಕಂಡುಹಿಡಿಯಬೇಕೆಂಬ ಆಸೆ ಆತನಿಗಿದ್ದಿತು. ಮನುಷ್ಯಸಹಜವಾದ ಆಸೆಯೇ ಸರಿ. ಪೂರ್ಣ ಅಳತೆಗಳು ಅಚ್ಚಾಗಿ ಎಲ್ಲರ ಕೈಸೇರುವ ಹೊತ್ತಿಗೆ ಸೆಪ್ಟೆಂಬರ್ ಬಂದಿದ್ದಿತು.

ನಲವತ್ತೊಂದು ದಿನಗಳ ಅಳತೆ, ಆಕಾಶದ ಸಣ್ಣದೊಂದು ತುಣುಕು. ಇಷ್ಟನ್ನಿಟ್ಟುಕೊಂಡು ಸೂರ್ಯನ ಸುತ್ತಿನ ಇಡೀ ದಾರಿಯನ್ನು ಹೇಳಬೇಕಾಗಿದ್ದಿತು. ಬ್ರೌನ್‌ಶ್ವೈಗ್ ನಗರದಲ್ಲಿದ್ದ ೨೪ ವರ್ಷದ ಗಣಿತಜ್ಞ ಕಾರ್ಲ್ ಫ್ರೀಡ್ರಿಕ್ ಗೌಸನು ಈ ಲೆಕ್ಕಕ್ಕೆ ಕೈಹಾಕಿದನು. ಉಳಿದವರು ಹೇಳಿದ ಸ್ಥಾನವೇ ಬೇರೆ, ಗೌಸನು ಹೇಳಿದ ಸ್ಥಾನವೇ ಬೇರೆ. ವರ್ಷದ ಕೊನೆಯ ರಾತ್ರಿ ಗೋಥಾದ ಫಾನ್ ಜಾಕನು ಗೌಸನು ಸೂಚಿಸಿದ ಎಡೆಯಲ್ಲಿಯೇ ದೂರದರ್ಶಕವನ್ನು ತಿರುಗಿಸಿ ನೋಡಲು, ಕಳೆದುಹೋದ ಚುಕ್ಕೆ ಅಲ್ಲಿ ಸಿಕ್ಕಿತು. ಅದರ ಬೆನ್ನಿಗೇ ಬ್ರೆಮೆನ್ನಿನ ವೈದ್ಯ ಓಲ್ಬರ್ಸನೂ ಅದನ್ನು ಕಂಡನು. ಸಿರೀಸ್ ಎಂದು ಇಂದು ನಾವು ಕರೆಯುವ ಕಿರುಗ್ರಹ ಅದು. ಗೌಸನ ಹೆಸರು ಯೂರೋಪಿನಲ್ಲೆಲ್ಲ ಹಬ್ಬಿತು.

ಆದರೆ ಹೇಗೆ ಲೆಕ್ಕ ಹಾಕಿದನೆಂಬುದನ್ನು ಗೌಸನು ಪೂರ್ತಿಯಾಗಿ ಪ್ರಕಟಿಸಲಿಲ್ಲ. ಕಾಯಿಯನ್ನು ಕೊಯ್ಯಬಾರದು, ಹಣ್ಣಾದ ಮೇಲೆಯೇ ಹೊರಗಿಡಬೇಕು ಎಂಬುದು ಆತನ ಸ್ವಭಾವ. ಹಣ್ಣಾಗಲು ಎಂಟು ವರ್ಷ ಹಿಡಿಯಿತು. ಅಷ್ಟರಲ್ಲಿ ೧೮೦೫ರಲ್ಲಿ ಪ್ಯಾರಿಸ್ಸಿನ ಏಡ್ರಿಯನ್ ಮರೀ ಲೆಜಾಂದ್ರನು ಧೂಮಕೇತುಗಳ ಕಕ್ಷೆಯನ್ನು ಕುರಿತ ತನ್ನ ಪುಸ್ತಕದ ಕೊನೆಗೆ ಕೆಲವೇ ಪುಟಗಳ ಒಂದು ಅನುಬಂಧವನ್ನು ಸೇರಿಸಿದನು. ‘ಕನಿಷ್ಠ ವರ್ಗಗಳ ವಿಧಾನ’ ಎಂಬ ಹೆಸರು ಅದರಲ್ಲಿಯೇ ಮೊದಲು ಕಾಣಿಸಿಕೊಂಡುದು.

ಆ ವಿಧಾನದ ತಿರುಳು ಕಷ್ಟದ್ದಲ್ಲ. ಒಂದು ವಸ್ತುವನ್ನು ಮೂರು ಸಲ ಅಳೆದಾಗ ೧೦, ೧೧, ೧೨ ಎಂದು ಬಂದಿತೆನ್ನಿ. ನಿಜವಾದ ಉದ್ದ ೧೦ ಎಂದು ಹಿಡಿದರೆ ವ್ಯತ್ಯಾಸಗಳು ೦, ೧, ೨. ಅವುಗಳ ವರ್ಗಗಳನ್ನು ಕೂಡಿದರೆ ೫. ನಿಜವಾದ ಉದ್ದ ೧೧ ಎಂದು ಹಿಡಿದರೆ ವ್ಯತ್ಯಾಸಗಳು ೧, ೦, ೧. ವರ್ಗಗಳ ಮೊತ್ತ ೨. ಇದಕ್ಕಿಂತ ಕಡಿಮೆ ಮೊತ್ತವನ್ನು ಕೊಡುವ ಸಂಖ್ಯೆ ಮತ್ತೊಂದಿಲ್ಲ. ಆದ್ದರಿಂದ ೧೧ನ್ನೇ ಒಪ್ಪಿಕೊಳ್ಳಬೇಕು. ನಾವು ದಿನವೂ ಬಳಸುವ ಸರಾಸರಿಯೆಂಬುದು ಈ ತತ್ತ್ವದ ಅತ್ಯಂತ ಚಿಕ್ಕ ರೂಪ. ಗ್ರಹದ ದಾರಿಯನ್ನು ನಿಶ್ಚಯಿಸುವಾಗ ಕಂಡುಹಿಡಿಯಬೇಕಾದ ಸಂಖ್ಯೆ ಒಂದಲ್ಲ, ಐದಾರು. ತತ್ತ್ವ ಮಾತ್ರ ಅದೇ. ಲೆಜಾಂದ್ರನು ಇದನ್ನು ಮುಚ್ಚುಮರೆಯಿಲ್ಲದೆ ಹಂತಹಂತವಾಗಿ ಬರೆದು, ಫ್ರಾನ್ಸಿನ ಭೂಮಾಪನದ ಅಳತೆಗಳನ್ನು ತೆಗೆದುಕೊಂಡು ಮಾಡಿಯೂ ತೋರಿಸಿದನು. ಹತ್ತು ವರ್ಷ ಕಳೆಯುವಷ್ಟರಲ್ಲಿ ಫ್ರಾನ್ಸ್, ಇಟಲಿ, ಪ್ರಷ್ಯ ದೇಶಗಳ ಖಗೋಳಜ್ಞರೂ ಭೂಮಾಪಕರೂ ಅದನ್ನು ಕೈವಶಮಾಡಿಕೊಂಡಿದ್ದರು.

೧೮೦೯ರಲ್ಲಿ ಗೌಸನ ಗ್ರಂಥ ಲ್ಯಾಟಿನ್ ಭಾಷೆಯಲ್ಲಿ ಹೊರಬಂದಿತು. ಅದರಲ್ಲಿ ಆತನು ಈ ವಿಧಾನವನ್ನು ‘ನಮ್ಮ ತತ್ತ್ವ’ವೆಂದು ಕರೆದು, ತಾನು ಇದನ್ನು ೧೭೯೫ರಿಂದಲೂ ಬಳಸುತ್ತಿರುವುದಾಗಿ ಹೇಳಿಕೊಂಡನು. ಲೆಜಾಂದ್ರನಿಗೆ ಸಹಜವಾಗಿಯೇ ಮನಸ್ಸು ನೊಂದಿತು. ಮೊದಲು ಪ್ರಕಟಿಸಿದವನಿಗೇ ಹಕ್ಕು ಸಲ್ಲಬೇಕೆಂದು ಗೌಸನಿಗೆ ಪತ್ರ ಬರೆದನು. ೧೮೨೦ರಲ್ಲಿ ಅಚ್ಚಿನಲ್ಲಿಯೂ ದೂರಿದನು. ಗೌಸನ ಮಾತು ಸುಳ್ಳೆನ್ನಲು ಕಾರಣವಿಲ್ಲ. ದೋಷಗಳ ಹಂಚಿಕೆಯ ನಿಯಮದೊಡನೆ ಈ ವಿಧಾನವನ್ನು ಕೂಡಿಸಿ ಅದಕ್ಕೆ ಬುನಾದಿಯನ್ನು ಹಾಕಿದ ಕೀರ್ತಿಯೂ ಆತನದೇ. ಆದರೆ ಸಿರೀಸನ್ನು ಹುಡುಕಿಕೊಟ್ಟ ಮೊದಲ ಲೆಕ್ಕದಲ್ಲಿಯೇ ಆತನು ಇದನ್ನು ಬಳಸಿದ್ದನೇ ಎಂಬ ಬಗ್ಗೆ ಇತಿಹಾಸಕಾರರು ಇಂದಿಗೂ ವಾದಿಸುತ್ತಿದ್ದಾರೆ. ಆತನ ಮೇಜಿನ ಡ್ರಾಯರಿನಲ್ಲಿದ್ದ ವಿದ್ಯೆ ಹತ್ತು ವರ್ಷ ಯಾರ ಉಪಯೋಗಕ್ಕೂ ಬರಲಿಲ್ಲವೆಂಬುದರಲ್ಲಿ ಮಾತ್ರ ವಾದವಿಲ್ಲ. ಭೂಮಾಪಕನ ಕೈಗೆ ಉಪಕರಣವನ್ನು ಕೊಟ್ಟವನು ಲೆಜಾಂದ್ರ.

ಲೋಕ ಅವನನ್ನು ನೆನೆದ ರೀತಿ ವಿಚಿತ್ರವಾದುದು. ಬಹುಕಾಲ ಗಣಿತದ ಪುಸ್ತಕಗಳಲ್ಲಿ ಆತನದೆಂದು ಅಚ್ಚಾಗುತ್ತಿದ್ದ ಭಾವಚಿತ್ರ ವಾಸ್ತವವಾಗಿ ಲೂಯಿ ಲೆಜಾಂದ್ರನೆಂಬ ರಾಜಕಾರಣಿಯದು. ಈ ತಪ್ಪು ಬೆಳಕಿಗೆ ಬಂದುದು ೨೦೦೫ರಲ್ಲಿ. ನಿಜವಾದ ಲೆಜಾಂದ್ರನ ಮುಖವೆಂದು ಇಂದು ನಮಗೆ ಉಳಿದಿರುವುದು ೧೮೨೦ರ ಒಂದು ವಿನೋದಚಿತ್ರ ಮಾತ್ರ.

ಇನ್ನು ನಮ್ಮ ಕಾಲಕ್ಕೆ ಸಮೀಪಿಸೋಣ. ಲೆಜಾಂದ್ರನ ವಿಧಾನ ನೇರವಾದ ಸಂಬಂಧಗಳಿಗೆ ಸೊಗಸಾಗಿ ಹೊಂದುತ್ತದೆ. ಆದರೆ ಔಷಧವು ರಕ್ತದಲ್ಲಿ ಇಳಿಯುವ ಬಗೆ, ವಿಕಿರಣ ಧಾತುವಿನ ಕ್ಷಯ ಮೊದಲಾದುವು ಡೊಂಕಾದ ದಾರಿಗಳು. ಅಲ್ಲಿ ಉತ್ತರವನ್ನು ಒಂದೇ ಏಟಿಗೆ ಹೇಳಲಾಗದು. ಊಹಿಸಿ, ತಿದ್ದಿ, ಮತ್ತೆ ಊಹಿಸಬೇಕು. ಮಂಜು ಕವಿದ ಮಲೆನಾಡಿನ ಕಣಿವೆಯೊಂದರಲ್ಲಿ ತೀರ ತಗ್ಗಾದ ಜಾಗವನ್ನು ಕಾಲಿನ ಸುಳಿವಿನಿಂದಲೇ ಹುಡುಕಿದಂತೆ. ನೆಲ ನಂಬಿಕೆಗೆ ಯೋಗ್ಯವಾಗಿದ್ದರೆ ದಾಪುಗಾಲು ಹಾಕಬಹುದು. ಕೊರಕಲಿದ್ದರೆ ಹೆಜ್ಜೆಯನ್ನು ಚಿಕ್ಕದು ಮಾಡಬೇಕು. ಹೆಜ್ಜೆಯನ್ನು ಹೀಗೆ ಹಿಗ್ಗಿಸಿ ಕುಗ್ಗಿಸುವ ಉಪಾಯವನ್ನು ೧೯೪೪ರಲ್ಲಿ ಅಮೆರಿಕದ ಸೈನಿಕ ಶಸ್ತ್ರಾಗಾರವೊಂದರಲ್ಲಿದ್ದ ಕೆನೆತ್ ಲೆವೆನ್‌ಬರ್ಗರು ಪ್ರಕಟಿಸಿದರು. ಹೆಚ್ಚು ಜನ ಗಮನಿಸಲಿಲ್ಲ. ೧೯೬೩ರಲ್ಲಿ ಡುಪಾಂಟ್ ರಾಸಾಯನಿಕ ಕಂಪನಿಯ ಡೊನಾಲ್ಡ್ ಮಾರ್ಕ್ವಾರ್ಟರು ಅದೇ ಉಪಾಯಕ್ಕೆ ಬೇರೆ ದಾರಿಯಿಂದ ಬಂದು ತಲಪಿದರು. ಈ ಬಾರಿ ಅದು ಕಾಡ್ಗಿಚ್ಚಿನಂತೆ ಹಬ್ಬಿತು. ಅದಕ್ಕೆ ಒಂದು ಕಾರಣ, ಮಾರ್ಕ್ವಾರ್ಟರು ಲೇಖನವನ್ನು ಬರೆದು ಸುಮ್ಮನಾಗದೆ ಫೋರ್ಟ್ರಾನ್ ಭಾಷೆಯಲ್ಲಿ ಪ್ರೋಗ್ರಾಮನ್ನೂ ಬರೆದು ಹಂಚಿದುದು. ಐ.ಬಿ.ಎಂ. ಯಂತ್ರಗಳನ್ನು ಬಳಸುತ್ತಿದ್ದವರು ೧೯೫೫ರಲ್ಲಿ ‘ಷೇರ್’ ಎಂಬ ಕೂಟವನ್ನು ಕಟ್ಟಿಕೊಂಡಿದ್ದರು. ‘ಹಂಚಿಕೊಳ್ಳು’ ಎಂಬುದೇ ಆ ಹೆಸರಿನ ಅರ್ಥ. ಒಬ್ಬರು ಬರೆದುದನ್ನು ಉಳಿದವರು ಎರವಲು ಪಡೆಯುತ್ತಿದ್ದರು. ಮಾರ್ಕ್ವಾರ್ಟರ ಪ್ರೋಗ್ರಾಮು ಆ ಕೂಟದ ಭಂಡಾರಕ್ಕೆ ಸೇರಿತು.

ಆಗಿನ್ನೂ ಯಂತ್ರಕ್ಕೆ ಬೆಲೆ, ಪ್ರೋಗ್ರಾಮು ಅದರೊಡನೆ ಬರುವ ಉಚಿತ ವಸ್ತು. ೧೯೬೯ರಲ್ಲಿ ಐ.ಬಿ.ಎಂ. ತನ್ನ ತಂತ್ರಾಂಶಕ್ಕೆ ಬೇರೆಯಾಗಿ ಬೆಲೆ ಕಟ್ಟುವುದಾಗಿ ಸಾರಿತು. ಅಂದಿನಿಂದ ಪ್ರೋಗ್ರಾಮು ಮಾರಾಟದ ಸರಕಾಯಿತು. ಸರಕಾದುದಕ್ಕೆ ಬೀಗವೂ ಬೇಕಲ್ಲವೆ? ಆದರೂ ಸಾರ್ವಜನಿಕ ಹಣದಿಂದ ನಡೆಯುತ್ತಿದ್ದ ಪ್ರಯೋಗಾಲಯಗಳಲ್ಲಿ ಹಳೆಯ ರೂಢಿ ಉಳಿಯಿತು. ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಫ್ರೆಡ್ ಜೇಮ್ಸರು ರೂಪಿಸಿದ ‘ಮಿನುಯಿಟ್’ ಎಂಬ ತಂತ್ರಾಂಶದ ವಿವರ ೧೯೭೫ರಲ್ಲಿ ಪ್ರಕಟವಾಯಿತು. ಹೊಂದಾಣಿಕೆಯ ಉತ್ತರವನ್ನಷ್ಟೇ ಅಲ್ಲದೆ, ಆ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನೂ ಅದು ಹೇಳುತ್ತಿದ್ದಿತು. ೨೦೧೨ರಲ್ಲಿ ಹಿಗ್ಸ್ ಕಣ ಸಿಕ್ಕಿತೆಂದು ಜಗತ್ತೇ ಸಂಭ್ರಮಿಸಿದಾಗ, ಆ ಲೆಕ್ಕಗಳ ಒಳಗೆ ದುಡಿದುದೂ ಮಿನುಯಿಟ್ ವಂಶದ ಪ್ರೋಗ್ರಾಮೇ. ಷಿಕಾಗೋ ಸಮೀಪದ ಆರ್ಗಾನ್ ಪ್ರಯೋಗಾಲಯದಲ್ಲಿ ಹೋರ್ಹೆ ಮೊರೇ ಮತ್ತು ಇಬ್ಬರು ಸಂಗಡಿಗರು ಲೆವೆನ್‌ಬರ್ಗ್–ಮಾರ್ಕ್ವಾರ್ಟ್ ಉಪಾಯವನ್ನು ಒಪ್ಪಮಾಡಿ, ೧೯೮೦ರಲ್ಲಿ ‘ಮಿನ್‌ಪ್ಯಾಕ್’ ಎಂಬ ಹೆಸರಿನಿಂದ ಹೊರತಂದರು. ಆ ದಶಕದ ನಡುವೆ ‘ನೆಟ್‌ಲಿಬ್’ ಎಂಬ ಭಂಡಾರ ಹುಟ್ಟಿಕೊಂಡಿತು. ಬೇಕಾದ ಪ್ರೋಗ್ರಾಮಿನ ಹೆಸರನ್ನು ವಿದ್ಯುನ್ಮಾನ ಅಂಚೆಯಲ್ಲಿ ಬರೆದು ಕಳಿಸಿದರೆ, ಮನುಷ್ಯರ ಕೈಸೋಕದೆ ಯಂತ್ರವೇ ಅದರ ಮೂಲಬರಹವನ್ನು ಮರುಟಪಾಲಿನಲ್ಲಿ ಕಳಿಸುತ್ತಿದ್ದಿತು. ಮಿನ್‌ಪ್ಯಾಕ್ ಹೀಗೆಯೂ ದೇಶಾಂತರಗಳಿಗೆ ಹೋಯಿತು.

ಕೊಡುವುದು ರೂಢಿಯಾಗಿದ್ದಿತೇ ಹೊರತು ಕಟ್ಟಳೆಯಾಗಿರಲಿಲ್ಲ. ಅದನ್ನು ಕಟ್ಟಳೆಯ ಮಾತಿನಲ್ಲಿ ಬರೆದವರು ರಿಚರ್ಡ್ ಸ್ಟಾಲ್ಮನ್. ೧೯೮೩ರಲ್ಲಿ ‘ಗ್ನು’ ಯೋಜನೆಯನ್ನು ಸಾರಿ, ೧೯೮೯ರಲ್ಲಿ ಅದರ ಸಾರ್ವಜನಿಕ ಪರವಾನಗಿಯನ್ನು ಪ್ರಕಟಿಸಿದರು. ಇದನ್ನು ಪಡೆದವನು ತಿದ್ದಿ ಇನ್ನೊಬ್ಬನಿಗೆ ಕೊಡುವಾಗ, ತಾನು ಪಡೆದ ಸ್ವಾತಂತ್ರ್ಯವನ್ನು ಅವನಿಗೂ ಕೊಡತಕ್ಕದ್ದು ಎಂಬುದು ಅದರ ಷರತ್ತು. ಈ ಪರವಾನಗಿಯ ಬೆಲೆ ವಿಜ್ಞಾನಿಗಳಿಗೆ ಬೇಗನೆ ತಿಳಿಯಿತು. ೧೯೮೬ರಲ್ಲಿ ‘ನ್ಯೂಮೆರಿಕಲ್ ರೆಸಿಪೀಸ್’ ಎಂಬ ಬಹು ಜನಪ್ರಿಯವಾದ ಪುಸ್ತಕವೊಂದು ಬಂದಿದ್ದಿತು. ಅದರಲ್ಲಿ ಪ್ರೋಗ್ರಾಮುಗಳ ಮೂಲಬರಹ ಅಚ್ಚಾಗಿದ್ದಿತಾದರೂ ಅದನ್ನು ಇತರರಿಗೆ ಹಂಚಲು ಅಪ್ಪಣೆಯಿರಲಿಲ್ಲ. ಅದನ್ನು ಬಳಸಿ ಲೆಕ್ಕ ಮಾಡಿದವನು ತನ್ನ ಲೆಕ್ಕವನ್ನು ಪೂರ್ತಿಯಾಗಿ ತೋರಿಸುವಂತಿರಲಿಲ್ಲ. ೧೯೯೬ರಲ್ಲಿ ಲಾಸ್ ಅಲಾಮೋಸಿನ ಇಬ್ಬರು ವಿಜ್ಞಾನಿಗಳು ಗ್ನು ಪರವಾನಗಿಯ ಅಡಿಯಲ್ಲಿ ಬೇರೆಯೇ ಒಂದು ವೈಜ್ಞಾನಿಕ ಭಂಡಾರವನ್ನು ಕಟ್ಟಲು ತೊಡಗಿದರು.

ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ, ರಾಬರ್ಟ್ ಜೆಂಟಲ್ಮನ್ ಎಂಬ ಇಬ್ಬರು ಅಧ್ಯಾಪಕರು ಬೆಲ್ ಪ್ರಯೋಗಾಲಯದ ‘ಎಸ್’ ಭಾಷೆಯ ಹಾದಿಯಲ್ಲಿ ‘ಆರ್’ ಎಂಬ ಸಂಖ್ಯಾಶಾಸ್ತ್ರದ ಭಾಷೆಯನ್ನು ರೂಪಿಸಿದ್ದರು. ಅದನ್ನು ಮಾರುವುದೋ ಬಿಟ್ಟುಕೊಡುವುದೋ ಎಂಬ ಪ್ರಶ್ನೆ ಬಂದಾಗ, ಸ್ವಿಟ್ಜರ್ಲೆಂಡಿನ ಮಾರ್ಟಿನ್ ಮೇಖ್ಲರರ ಒತ್ತಾಯಕ್ಕೆ ಒಪ್ಪಿ ೧೯೯೫ರಲ್ಲಿ ಗ್ನು ಪರವಾನಗಿಯ ಅಡಿಯಲ್ಲಿ ಬಿಟ್ಟುಕೊಟ್ಟರು. ೨೦೦೧ರಲ್ಲಿ ಪೈಥಾನ್ ಭಾಷೆಗೆ ‘ಸೈಪೈ’ ಎಂಬ ಭಂಡಾರ ಬಂದಿತು. ವಕ್ರರೇಖೆಯನ್ನು ಅಳತೆಗೆ ಹೊಂದಿಸುವ ಅದರ ಭಾಗದ ಒಡಲಲ್ಲಿದ್ದುದು ಆ ಹಳೆಯ ಮಿನ್‌ಪ್ಯಾಕೇ. ಇಂದು ನಮ್ಮ ಜಿಲ್ಲಾ ಕೇಂದ್ರದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದುವ ಹುಡುಗಿ ಲೋಲಕದ ಅಳತೆಗಳಿಗೆ ರೇಖೆಯನ್ನು ಹೊಂದಿಸಬೇಕಾದರೆ, ದೊಡ್ಡ ಪ್ರಯೋಗಾಲಯದ ವಿಜ್ಞಾನಿ ಬಳಸುವ ಉಪಕರಣವನ್ನೇ ಕಾಸು ಕೊಡದೆ ಬಳಸಬಹುದು. ಇದು ಸಣ್ಣ ಸಂಗತಿಯಲ್ಲ.

ಆದರೆ ಖರ್ಚು ಉಳಿಯುವುದೇ ಮುಖ್ಯವಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ೯೦ ದೊಡ್ಡ ನಗರಗಳ ಗಾಳಿಯ ಧೂಳನ್ನೂ ಅಲ್ಲಿ ದಿನದಿನ ಸಂಭವಿಸುವ ಮರಣಗಳನ್ನೂ ಹೋಲಿಸಿ ಒಂದು ಅಧ್ಯಯನವನ್ನು ನಡೆಸಿದ್ದರು. ಘನಮೀಟರಿಗೆ ೧೦ ಮೈಕ್ರೋಗ್ರಾಮು ಧೂಳು ಹೆಚ್ಚಿದರೆ ಮರಣಗಳು ಶೇಕಡಾ ೦.೪೧ರಷ್ಟು ಹೆಚ್ಚುತ್ತವೆ ಎಂದು ಅದರಲ್ಲಿ ಕಂಡುಬಂದಿದ್ದಿತು. ಗಾಳಿಯ ಶುದ್ಧತೆಗೆ ಸರ್ಕಾರ ವಿಧಿಸುವ ನಿಯಮಗಳಿಗೆ ಇಂತಹ ಅಂಕಿಗಳೇ ಆಧಾರ. ೨೦೦೨ರಲ್ಲಿ ಆ ಸಂಶೋಧಕರಿಗೇ ಒಂದು ಸಂಗತಿ ಗೊತ್ತಾಯಿತು. ತಾವು ಬಳಸಿದ ‘ಎಸ್-ಪ್ಲಸ್’ ಎಂಬ ವಾಣಿಜ್ಯ ತಂತ್ರಾಂಶ, ಬಳಸುವವನು ಬೇರೆ ಹೇಳದಿದ್ದರೆ, ಕಣಿವೆಯ ತಳವನ್ನು ಮುಟ್ಟುವ ಮೊದಲೇ ‘ತಲಪಿದೆ’ನೆಂದು ನಿಂತುಬಿಡುತ್ತಿದ್ದಿತು. ನಿಲ್ಲುವ ನಿಯಮವನ್ನು ಬಿಗಿಮಾಡಿ ಮತ್ತೆ ಲೆಕ್ಕ ಹಾಕಿದಾಗ ಶೇಕಡಾ ೦.೪೧ ಎಂಬುದು ೦.೨೭ಕ್ಕೆ ಇಳಿಯಿತು. ಧೂಳು ಕೊಲ್ಲುತ್ತದೆಂಬ ತೀರ್ಮಾನ ನಿಂತಿತು. ಆದರೆ ಎಷ್ಟು ಎಂಬುದು ಬದಲಾಯಿತು. ಅವರು ಅದನ್ನು ಬಚ್ಚಿಡದೆ ಸಾರಿದರು. ಅದೇ ಉಪಕರಣವನ್ನು ಬಳಸಿದ್ದ ಇತರ ತಂಡಗಳೂ ತಮ್ಮ ಲೆಕ್ಕಗಳನ್ನು ಮತ್ತೆ ಮಾಡಬೇಕಾಯಿತು. ಆ ಮರುಲೆಕ್ಕಗಳು ೨೦೦೩ರಲ್ಲಿ ಒಟ್ಟಾಗಿ ಪ್ರಕಟವಾದುವು.

ಮೂಲಬರಹ ತೆರೆದಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲವೆಂದು ಹೇಳುವುದು ಅತಿಯಾದ ಮಾತು. ನಿಲ್ಲುವ ನಿಯಮವನ್ನು ಬದಲಾಯಿಸುವ ಅವಕಾಶ ಆ ತಂತ್ರಾಂಶದಲ್ಲಿಯೂ ಇದ್ದಿತು. ಬದಲಾಯಿಸಬೇಕೆಂದು ಯಾರಿಗೂ ತೋಚಿರಲಿಲ್ಲ, ಅಷ್ಟೆ. ಬಾಗಿಲು ತೆರೆದಿದ್ದರೆ ಸಾಲದು, ಒಳಹೊಕ್ಕು ನೋಡುವವರೂ ಬೇಕು. ತೆರೆದ ಬಾಗಿಲನ್ನು ಕಾಯುವವರೂ ಬೇಕು. ಖಗೋಳಜ್ಞರು ನಿತ್ಯವೂ ಆಶ್ರಯಿಸಿದ ಮುಕ್ತ ತಂತ್ರಾಂಶವೊಂದನ್ನು ಬಹುಮಟ್ಟಿಗೆ ಸಂಬಳವಿಲ್ಲದ ಸ್ವಯಂಸೇವಕರೇ ಬಿಡುವಿನ ವೇಳೆಯಲ್ಲಿ ನಡೆಸಿಕೊಂಡು ಬರುತ್ತಿದ್ದಾರೆಂದು ೨೦೧೬ರಲ್ಲಿ ಅವರಲ್ಲಿಯೇ ಕೆಲವರು ಲೇಖನ ಬರೆದು ಎಚ್ಚರಿಸಬೇಕಾಯಿತು. ಊರಿನ ಕೆರೆಯ ನೀರನ್ನು ಎಲ್ಲರೂ ಕುಡಿಯುತ್ತಾರೆ; ಹೂಳೆತ್ತುವ ದಿನ ಬರುವವರು ನಾಲ್ಕು ಮಂದಿ. ಇಲ್ಲಿಯೂ ಅದೇ ಕಥೆ.

ಇಷ್ಟಾದರೂ ಎರಡು ದಾರಿಗಳ ನಡುವಣ ಭೇದ ಉಳಿದೇ ಇದೆ. ಗೌಸನು ‘ಅಲ್ಲಿ ನೋಡಿ’ ಎಂದನು. ನೋಡಿದವರಿಗೆ ಗ್ರಹ ಕಂಡಿತು. ಆತನು ಮಹಾಪ್ರತಿಭಾವಂತನಾದ್ದರಿಂದ ಆ ಮಾತು ಸಾಕಾಯಿತು. ಆದರೆ ಲೋಕದ ನಿತ್ಯದ ಲೆಕ್ಕಗಳನ್ನು ಮಾಡುವವರು ಗೌಸರಲ್ಲ. ನಾವು ಉಸಿರಾಡುವ ಗಾಳಿಗೆ, ಮಕ್ಕಳಿಗೆ ಹಾಕಿಸುವ ಲಸಿಕೆಗೆ, ಮುಂದಿನ ವಾರ ಬರಬೇಕಾದ ಮಳೆಗೆ ಸಾಧಾರಣ ಮನುಷ್ಯರೇ ಮಾದರಿಗಳನ್ನು ಹೊಂದಿಸುತ್ತಾರೆ; ಸಾಧಾರಣ ಮನುಷ್ಯರಿಗೆ ತಪ್ಪಾಗುವುದು ಸಹಜ. ೦.೪೧ ೦.೨೭ಕ್ಕೆ ಇಳಿದುದು ಯಾವನೋ ಅಸಾಧಾರಣ ಮೇಧಾವಿ ಹುಟ್ಟಿಬಂದುದರಿಂದಲ್ಲ. ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಲು ಸಾಧ್ಯವಿದ್ದುದರಿಂದ. ಆ ಸಾಧ್ಯತೆಯನ್ನು ಕಾಪಾಡಿಕೊಳ್ಳಬೇಕಾದರೆ ಉತ್ತರದ ಜೊತೆಗೆ ಮಾಡಿದ ಬಗೆಯನ್ನೂ ಕೊಡುವ ಲೆಜಾಂದ್ರನ ರೂಢಿ ಬಳಕೆಯಲ್ಲಿ ಉಳಿಯಬೇಕು.